ಕುಂಟು ಬಾತುಕೋಳಿಯ ರಿಪೇರಿ

ಆ ಬೀದಿಯ ಗಡಿಯಾರ ರಿಪೇರಿಯವರಿಗೆ ಕರೆಕ್ಟಪ್ಪ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಯಾರ ಮನೆಗೆ ಹೋದರೂ ಇವರ ಕಣ್ಣು ಮೊದಲು ಬೀಳುವುದು ಗೋಡೆಯ ಗಡಿಯಾರದ ಮೇಲೆ. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಕುರ್ಚಿ ಎಳೆದು ಹತ್ತಿ, ಮುಳ್ಳು ಸರಿಮಾಡಿ ಇಳಿದ ಮೇಲೆಯೇ ಉಳಿದ ಮಾತು. ಇಂಥ ಮನುಷ್ಯನಿಗೆ ಗಂಟುಬಿದ್ದ ಹೆಂಡತಿಗೋ ಹೊತ್ತುಗೊತ್ತು ಎಂಬುದೇ ಇಲ್ಲ. ಬೀದಿಯ ಎಳೆಯ ತಾಯಂದಿರಿಗೆಲ್ಲ ಆಕೆ ದೊಡ್ಡಮ್ಮ.

ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಅವರ ಮನೆಯ ದೊಡ್ಡ ಕೋಣೆ. ಮಂಗಳವಾರ, ಗುರುವಾರ ಬೆಳಿಗ್ಗೆ ದೊಡ್ಡಮ್ಮ ಅಲ್ಲಿ ಚಾಪೆ ಹಾಸಿ, ಪಕ್ಕದ ಬಾಗಿಲು ತೆರೆದಿಟ್ಟುಬಿಡುತ್ತಾರೆ. ಅಂಬೆಗಾಲಿನವರಿಂದ ಹಿಡಿದು ಓಡಾಡುವ ಕಿಲಾಡಿಗಳವರೆಗೆ ಬೀದಿಯ ಮಕ್ಕಳೆಲ್ಲ ತಾಯಂದಿರನ್ನು ಎಳೆದುಕೊಂಡು ಬರುತ್ತವೆ. ಯಾರ ಮನೆಯ ಮಕ್ಕಳು ದೊಡ್ಡವರಾದರೋ ಅವರ ಆಟದ ಬುಟ್ಟಿ ಇಲ್ಲಿಗೆ. ಬೇಕರಿಯವರು ಮುರಿದ ಬಿಸ್ಕತ್ತು ಕಳಿಸುತ್ತಾರೆ. ತಿಂಗಳಿಗೊಮ್ಮೆ ಆಸ್ಪತ್ರೆಯ ನರ್ಸಮ್ಮ ತಕ್ಕಡಿ ಹೊತ್ತು ಬಂದು ಮಕ್ಕಳನ್ನು ತೂಗಿ, ಸರಿಯಾಗಿ ನಿದ್ದೆ ಮಾಡದ ತಾಯಂದಿರನ್ನು ಗದರಿ ಹೋಗುತ್ತಾರೆ. ನಿದ್ದೆ ಮಾಡದಿರುವುದು ಅವರದೇ ತಪ್ಪು ಅನ್ನೋ ಹಾಗೆ! ಪರದೆಯ ಈಚೆ ಕರೆಕ್ಟಪ್ಪ ಕಣ್ಣಿಗೆ ಭೂತಗನ್ನಡಿ, ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಕೂತಿರುತ್ತಾರೆ.

ಅಲ್ಲಿಗೆ ಬರುವವರಲ್ಲಿ ಒಬ್ಬಳು ಊರಿಗೆ ಹೊಸಬಳು. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನು ಮನೆಯಲ್ಲಿದ್ದಾಗ ನಿದ್ದೆ, ಎದ್ದಾಗ ಮನೆಯಲ್ಲಿಲ್ಲ. ಅವಳಿಗೆ ಮಾತಿಗೆ ಜನವೆಂದರೆ ಎರಡು ವರ್ಷದ ಮಗನೊಬ್ಬನೇ, ಅವನಿಗೋ ಇನ್ನೂ ಮಾತೇ ಬರುವುದಿಲ್ಲ. ಅಳು ಮಾತ್ರ ಚೆನ್ನಾಗಿ ಬರುತ್ತದೆ. ಬಸ್ಸಿನಲ್ಲಿ ಅಳು, ಅಂಗಡಿಯಲ್ಲಿ ಅಳು, ಅಕ್ಕಪಕ್ಕದ ಮನೆಯಲ್ಲಿ ಅಳು. ಕರೆಕ್ಟಪ್ಪ ಅವನಿಗೆ ಗುಟ್ಟಾಗಿ ಇಟ್ಟ ಹೆಸರು ಸೈರನ್.

ಸೈರನ್ ಬಾಯಿ ಮುಚ್ಚುತ್ತಿದ್ದುದು ಒಂದಕ್ಕೇ: ಆಟದ ಬುಟ್ಟಿಯಲ್ಲಿದ್ದ, ಚಕ್ರದ ಮೇಲೆ ಓಡುವ ಮರದ ಬಾತುಕೋಳಿಗೆ. ದಾರ ಹಿಡಿದು ಎಳೆದರೆ ಅದು ಎರಡು ಹೆಜ್ಜೆಗೊಮ್ಮೆ ಬಲಕ್ಕೆ ವಾಲಿ 'ಟಕ್ಕು' ಎನ್ನುತ್ತಿತ್ತು. ಪ್ರತಿ ಟಕ್ಕಿಗೂ ಸೈರನ್ ತಾನೂ ಮೊಣಕಾಲು ಬಗ್ಗಿಸಿ ಕುಂಟಿ, ಹೊಟ್ಟೆ ಹಿಡಿದು ನಗುತ್ತಿದ್ದ. ಅಷ್ಟು ಹೊತ್ತು ಅವನಮ್ಮ ಗೋಡೆಗೊರಗಿ ದೊಡ್ಡಮ್ಮ ಕೊಟ್ಟ ಚಹಾ ಕುಡಿಯುತ್ತಿದ್ದಳು. "ವಾರಕ್ಕೆ ಎರಡು ಸಲ ಬಿಸಿ ಚಹಾ ಕುಡಿಯೋದು ಇಲ್ಲೇ ದೊಡ್ಡಮ್ಮ. ಮನೇಲಿ ಅದು ತಣ್ಣಗಾದ ಮೇಲೇ ನನ್ನ ಕೈಗೆ ಸಿಗೋದು" ಎಂದು ಒಮ್ಮೆ ಹೇಳಿದ್ದಳು.

ಈ ಕಡೆ ಕರೆಕ್ಟಪ್ಪನ ಪ್ರಾಣ ಹಿಂಡುತ್ತಿದ್ದುದೂ ಅದೇ ಟಕ್ಕು. ಅಳುವಾದರೆ ಹತ್ತಿಯಲ್ಲಿ ನಿಲ್ಲುತ್ತಿತ್ತು, ಟಕ್ಕು ಹತ್ತಿಯನ್ನೂ ದಾಟಿ ಬರುತ್ತಿತ್ತು. ಕೈಗಡಿಯಾರವೊಂದನ್ನು ಕಿವಿಗೆ ಹಿಡಿದರೆ ಅದರ ಟಿಕ್ ಟಿಕ್ ನಡುವೆ ಇದರ ಟಕ್ಕು! ಒಂದು ಭಾನುವಾರ ಹೆಂಡತಿ ಹೊರಗೆ ಹೋದದ್ದೇ ತಡ, ಬಾತುಕೋಳಿಯನ್ನು ಮೇಜಿನ ಮೇಲೆ ಮಲಗಿಸಿ, ಚಕ್ರ ಸಿಕ್ಕಿಸಿದ್ದ ಸೊಟ್ಟ ಕಡ್ಡಿ ನೆಟ್ಟಗೆ ಮಾಡಿ, ಎಣ್ಣೆ ಬಿಟ್ಟು, ಇಕ್ಕಳಕ್ಕೊಂದು ಮುತ್ತು ಕೊಡುವುದೊಂದು ಬಾಕಿ ಅನ್ನುವಷ್ಟು ಖುಷಿಯಾಗಿ ಬುಟ್ಟಿಗೆ ಹಾಕಿದರು.

ಮಂಗಳವಾರ ಸೈರನ್ ದಾರ ಎಳೆದ. ಬಾತುಕೋಳಿ ಸದ್ದಿಲ್ಲದೆ ಹಿಂದೆ ಬಂತು. ಅವನು ಮೊಣಕಾಲು ಬಗ್ಗಿಸಿ ಕಾದ. ಟಕ್ಕು ಇಲ್ಲ. ತಿರುಗಿ ನೋಡಿದ, ಅದನ್ನೆತ್ತಿ ಹೊಟ್ಟೆಯ ಕೆಳಗೆ ನೋಡಿದ, ಮತ್ತೆ ಎಳೆದ. ಆಮೇಲೆ ಬಾಯಿ ತೆರೆದವನು ತಾಯಿ ಹೊತ್ತುಕೊಂಡು ಬಾಗಿಲು ದಾಟುವವರೆಗೆ ಮುಚ್ಚಲಿಲ್ಲ. ಅವನನ್ನು ನೋಡಿ ಉಳಿದ ಮಕ್ಕಳೂ ಶುರುಮಾಡಿದ್ದವು. "ಎಲ್ಲರಿಗೂ ತೊಂದರೆ ದೊಡ್ಡಮ್ಮ. ಗುರುವಾರ ಒಂದ್ಸಲ ನೋಡ್ತೀನಿ. ಹೀಗೇ ಆದ್ರೆ ಇನ್ನು ಬರಲ್ಲ" ಎಂದವಳ ಕಣ್ಣು ಒದ್ದೆಯಾಗಿತ್ತು. ಚಹಾ ಕಿಟಕಿಯ ಮೇಲೆ ಹಾಗೇ ಕೆನೆಗಟ್ಟಿ ಕೂತಿತ್ತು.

ಪರದೆಯ ಸಂದಿಯಿಂದ ಇದನ್ನೆಲ್ಲ ನೋಡಿದ ಕರೆಕ್ಟಪ್ಪ ಬಾತುಕೋಳಿಯನ್ನು ಮತ್ತೆ ಮೇಜಿಗೆ ತಂದರು. ಸರಿ, ಕೆಡಿಸಿದರಾಯಿತು, ಅದೇನು ಮಹಾ ಎಂದುಕೊಂಡು ಕೂತರು. ಅಯ್ಯೋ ಪಾಪ! ಜೀವಮಾನವಿಡೀ ಸರಿಮಾಡಿದ ಕೈಗೆ ಕೆಡಿಸುವುದು ಬರಬೇಕಲ್ಲ? ಚಕ್ರ ಅರದಲ್ಲಿ ಉಜ್ಜಿದರು, ಬಾತುಕೋಳಿ ಮಗುಚಿ ಬಿತ್ತು. ಬೇರೆ ಚಕ್ರ ಹಾಕಿ ರಟ್ಟು ತುರುಕಿದರು, 'ಕಿರ್ರ್' ಎಂದಿತು. ಗುರುವಾರದ ಹೊತ್ತಿಗೆ ಹೇಗೋ ಒಂದು ಟಕ್ಕು ಹೊರಡಿಸಿದರು. ಸೈರನ್ ಎಳೆದು ನೋಡಿದ. ಟಕ್ಕೇನೋ ಸರಿ, ವಾಲಿದ್ದು ಎಡಕ್ಕೆ. ಬಾತುಕೋಳಿಯನ್ನು ಕೆಳಗಿಟ್ಟು ಬಾಯಿ ತೆರೆದ. ತಾಯಿ ಚೀಲ ಹೆಗಲಿಗೇರಿಸಿದಳು.

ಕರೆಕ್ಟಪ್ಪ ಪರದೆ ಸರಿಸಿ ಒಳಗೇ ಬಂದುಬಿಟ್ಟರು. "ತಡಿಯಮ್ಮ, ಒಂದು ನಿಮಿಷ. ಇವಳೇ, ಇದು ಮೊದಲು ಹೇಗಿತ್ತೋ ಹಾಗೆ ಮಾಡೋಕೆ ಆಗ್ತಾ ಇಲ್ಲ ಕಣೇ."

"ಮೊದಲು ಹೇಗೆ ಆಯ್ತೋ ಹಾಗೇ ಮಾಡ್ರೀ" ಎಂದರು ದೊಡ್ಡಮ್ಮ.

"ಹೇಗಾಯ್ತು ಅಂತ ನಂಗೇನು ಗೊತ್ತು?"

ದೊಡ್ಡಮ್ಮ ಗಂಡನ ಚಪ್ಪಲಿಯನ್ನೇ ನೋಡಿದರು. ಬಾತುಕೋಳಿ ಕುಂಟಾದ ದಿನ "ಯಾವುದೋ ಮಗು ತುಳಿದಿರಬೇಕು, ಜವಾಬ್ದಾರಿಯೇ ಇಲ್ಲ" ಎಂದು ಕೂಗಾಡಿದ್ದವರು ಕರೆಕ್ಟಪ್ಪನೇ.

ಸೈರನ್ ಕೂಗುತ್ತಲೇ ಇದ್ದ. ಕರೆಕ್ಟಪ್ಪ ಗಂಟಲು ಸರಿಮಾಡಿಕೊಂಡರು. "ಅವತ್ತು ತುಳಿದಿದ್ದು... ನಾನೇ."

"ಇಡೀ ಬೀದಿಗೆ ಗೊತ್ತು. ಈಗ ತುಳೀರಿ."

ಕರೆಕ್ಟಪ್ಪ ಎಡಕ್ಕೆ ತುರುಕಿದ್ದ ರಟ್ಟನ್ನು ಕಿತ್ತೆಸೆದು, ಕಣ್ಣು ಮುಚ್ಚಿ, ಬೆಕ್ಕಿನ ಬಾಲದ ಮೇಲೆ ಇಟ್ಟ ಹಾಗೆ ಮೆಲ್ಲಗೆ ಕಾಲಿಟ್ಟರು. ಏನೂ ಆಗಲಿಲ್ಲ. "ಹಾಗಲ್ಲ ರೀ! ಅಂಗಡಿಯಿಂದ ಫೋನಲ್ಲಿ ಜಗಳ ಆಡ್ತಾ ಬಂದ್ರಲ್ಲ, ಹಾಗೆ ಬನ್ನಿ" ಎಂದು ದೊಡ್ಡಮ್ಮ ಬಾತುಕೋಳಿಯನ್ನು ಪರದೆಯ ಬುಡದಲ್ಲಿಟ್ಟರು. ಕರೆಕ್ಟಪ್ಪ ಆಚೆ ಹೋದರು. ಖಾಲಿ ಕೈಯನ್ನೇ ಕಿವಿಗಿಟ್ಟುಕೊಂಡು, "ಯಾರ್ರೀ ಹೇಳಿದ್ದು ನನ್ನ ಗಡಿಯಾರ ಲೇಟು ಅಂತ?" ಎಂದು ಅಬ್ಬರಿಸುತ್ತಾ ನುಗ್ಗಿದರು. ಚಟ್!

ಮಕ್ಕಳೆಲ್ಲ ಗಪ್‌ಚಿಪ್. ಸೈರನ್ ಅಳು ನಿಲ್ಲಿಸಿ ಬಂದು ದಾರ ಹಿಡಿದ. ಬಾತುಕೋಳಿ ಎರಡು ಹೆಜ್ಜೆ ಬಂತು, ಬಲಕ್ಕೆ ವಾಲಿತು, ಟಕ್ಕು. ಅವನ ಮೊಣಕಾಲು ಬಗ್ಗಿತು, ನಗು ಹೊರಟಿತು. ಇಂಥ ಆಟ ಯಾರಿಗೆ ಬೇಡ? ಉಳಿದ ಮಕ್ಕಳು ಲಾರಿ, ಗೊಂಬೆ, ಗಿಲಕಿ ಹಿಡಿದು ಕರೆಕ್ಟಪ್ಪ ತಾತನ ಕಾಲಿಗೆ ಮುತ್ತಿದವು, ತಮ್ಮದನ್ನೂ ತುಳಿಯಬೇಕಂತೆ!

ಈಗ ಕರೆಕ್ಟಪ್ಪ ಕಿವಿಗೆ ಹತ್ತಿ ಹಾಕುವುದಿಲ್ಲ. ಮಂಗಳವಾರ, ಗುರುವಾರ ಟಕ್ಕು ಕೇಳಿದೊಡನೆ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು ಪರದೆಯ ಸಂದಿಯಿಂದ ಇಣುಕುತ್ತಾರೆ. ಗೋಡೆಗೊರಗಿ ಕೂತ ಸೈರನ್ ಅಮ್ಮನ ಲೋಟದಿಂದ ಇನ್ನೂ ಹಬೆಯೇಳುತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ. "ಕರೆಕ್ಟಾಗಿದೆ" ಎಂದು ತಮಗೆ ತಾವೇ ಹೇಳಿಕೊಂಡು ಕೆಲಸಕ್ಕೆ ಕೂರುತ್ತಾರೆ.