ಕೆಂಪು ಕಾಣದ ನೊಣಗಳು

ಎಲ್ಲರ ಬಾಯಲ್ಲೂ ಅವಳು ನೊಣದಕ್ಕ. ಕಾಲೇಜಿನ ಕತ್ತಲಕೋಣೆಯಲ್ಲಿ ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ನೊಣವನ್ನು ಮೇಣದಲ್ಲಿ ಅಲುಗದಂತೆ ಕೂರಿಸಿ, ಕಣ್ಣಿಗೆ ಕೂದಲೆಳೆಯಷ್ಟು ತಂತಿ ತಾಗಿಸಿ, ಬಣ್ಣಬಣ್ಣದ ಬೆಳಕು ಬಿಟ್ಟು, ಮೀಟರಿನ ಮುಳ್ಳು ಎಷ್ಟು ಏಳುತ್ತದೆಂದು ಬರೆದುಕೊಳ್ಳುವುದು.

"ಕೆಲಸ ಇಲ್ದೋರು ನೊಣ ಹೊಡೀತಾರೆ. ನಮ್ಮಕ್ಕ ಅದಕ್ಕೆ ಸಂಬಳ ತಗೋತಾಳೆ" ಎಂದು ತಂಗಿ ನಗುತ್ತಿದ್ದಳು.

ಕೆಂಪು ಬೆಳಕಿಗೆ ಮುಳ್ಳು ಜಿಗಿಯುತ್ತಿತ್ತು. ನೊಣಕ್ಕೆ ಕೆಂಪು ಗುರುತಿಸುವ ಶಕ್ತಿ ಬೇರೆಯೇ ಇದೆಯೆಂದು ಪ್ರೊಫೆಸರ್ ಪುಸ್ತಕ ಬರೆದು ಹೆಸರು ಗಳಿಸಿದರು. ಅದರಲ್ಲಿ ಅವಳಿಗೂ ಒಂದು ಸಾಲು ಕೃತಜ್ಞತೆಯಿತ್ತು. ಆ ಸಾಲನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದಳು.

ಒಂದು ಬೇಸಿಗೆ, ಸಾಕಿದ ನೊಣಗಳ ಸೀಸೆಯಲ್ಲಿ ಬಿಳಿಗಣ್ಣಿನವು ಹುಟ್ಟಿದವು. ಕುತೂಹಲಕ್ಕೆ ಒಂದನ್ನು ಕೂರಿಸಿದಳು. ಹಸಿರಿಗೆ ಮುಳ್ಳು ಎಂದಿಗಿಂತ ಜೋರಾಗಿ ಎದ್ದಿತು. ಅದರೆದುರು ಕೆಂಪಿನದು ಲೆಕ್ಕಕ್ಕೇ ಇಲ್ಲ. ನಲವತ್ತು ನೊಣ ನೋಡಿದರೂ ಅದೇ ಕಥೆ. ಆಗ ಅವಳಿಗೆ ವಿಷಯ ಹೊಳೆಯಿತು. ನೊಣದ ಕಣ್ಣೆಂದರೆ ಸಾವಿರಾರು ಪುಟ್ಟ ಕಣ್ಣುಗಳ ಗೂಡು. ಒಂದರ ಬೆಳಕು ಇನ್ನೊಂದಕ್ಕೆ ನುಸುಳದಂತೆ ನಡುವೆ ಕೆಂಪು ಬಣ್ಣದ ಗೋಡೆ. ಆ ಗೋಡೆ ಹಸಿರು, ನೀಲಿಯನ್ನು ತಡೆಯುತ್ತದೆ, ಕೆಂಪನ್ನು ತಡೆಯದು. ಸೋರಿದ ಕೆಂಪು ಅಕ್ಕಪಕ್ಕಕ್ಕೆಲ್ಲ ಹರಡಿ ಮುಳ್ಳನ್ನು ಎತ್ತಿತ್ತು. ಬಿಳಿಗಣ್ಣಿಗೆ ಗೋಡೆಯೇ ಇಲ್ಲ. ಎಲ್ಲ ಬಣ್ಣವೂ ಒಂದೇ ಸಮ ಸೋರುತ್ತದೆ. ಆಗ ಮುಳ್ಳು ಏಳುವುದು ಹಸಿರಿಗೆ; ಕೆಂಪಿಗೆಂದೇ ಬೇರೆ ಶಕ್ತಿ ನೊಣಕ್ಕಿಲ್ಲ.

ತಿಂಗಳಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದು, ಕೊನೆಗೆ ನೋಟ್‌ಬುಕ್ಕನ್ನು ಪ್ರೊಫೆಸರ್ ಮುಂದಿಟ್ಟಳು.

"ರೋಗದ ನೊಣ ಇವು. ಬಿಸಾಕು" ಎಂದರು ಪ್ರೊಫೆಸರ್.

"ರೋಗ ಅಲ್ಲ ಸಾರ್, ಬೆಳಕು ಸೋರ್ತಿದೆ. ಅಂಕಿ ಸರಿಯಾಗೇ ಇದೆ, ನಾವು ಅರ್ಥ ಮಾಡ್ಕೊಂಡಿದ್ದು ತಪ್ಪು."

"ನಾವು ಅಂತೀಯಾ?"

"ಇಷ್ಟು ವರ್ಷ ತಂತಿ ಹಿಡಿದಿದ್ದು ಈ ಕೈನೇ ಅಲ್ವಾ ಸಾರ್."

ಮರುದಿನ ಅವರೇ ಕತ್ತಲಕೋಣೆಗೆ ಬಂದರು. ತಾವೇ ತಂತಿ ತಾಗಿಸಿದರು. ಅವಳು ಅಂಕಿ ಓದಿದಳು. ಏಳನೆಯ ನೊಣಕ್ಕೆ "ಸಾಕಮ್ಮ" ಎಂದು ಎದ್ದರು. ಬಾಗಿಲಲ್ಲಿ ನಿಂತು, "ತಪ್ಪು ನಂದು ಅಂತ ಬರೀತೀನಿ. ನಿನ್ನ ಹೆಸರೂ ಹಾಕ್ಲಾ?" ಎಂದು ಕೇಳಿದರು.

"ಬೇಡ ಸಾರ್" ಎಂದಳು. ಅವರು ಬಿದ್ದ ಜಾಗದಲ್ಲಿ ತಾನು ಎದ್ದು ನಿಲ್ಲುವುದು ಅವಳಿಗೆ ಬೇಕಿರಲಿಲ್ಲ.

ಅವರು ಮಾತಿನಂತೆ ಬರೆದರು. ಜೊತೆಯವರು ಹಿಂದಿನಿಂದ ನಕ್ಕರು, ಎದುರಿಗೆ ಮರುಗಿದರು. ಅವಧಿಗೆ ಮುಂಚೆಯೇ ಅವರು ಕೆಲಸ ಬಿಟ್ಟರು. ಕೋಣೆಗೆ ಮುರುಕು ಕುರ್ಚಿಗಳು ಬಂದವು; ಅವಳನ್ನು ಗಾಜಿನ ಸಾಮಾನು ತೊಳೆಯಲು ಹಾಕಿದರು.

ಎರಡು ಸಲ ಪ್ರೊಫೆಸರ್ ಮನೆಗೆ ಹೋದಳು. ಎರಡೂ ಸಲ ಅವರ ಹೆಂಡತಿ ಬಾಗಿಲನ್ನು ಅರ್ಧ ತೆರೆದು, "ಮಲಗಿದಾರಮ್ಮ" ಎಂದರು. ಒಳಗೆ ರೇಡಿಯೋ ಸ್ಟೇಷನ್ ಬದಲಾಯಿಸುವ ಸದ್ದು ಕೇಳುತ್ತಿತ್ತು. ಮೂರನೆಯ ಸಲ ಅವಳು ಹೋಗಲಿಲ್ಲ.