ಹದಿನೇಳನೇ ಗೂಡಿನ ಫೋನು

ಹದಿನೇಳನೇ ಗೂಡಿನಲ್ಲಿದ್ದ ಫೋನನ್ನು ಎರಡು ದಿನವಾದರೂ ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಟೋಕನ್ ಅಕ್ಕನಿಗೆ ಊಟಕ್ಕೆ ಕೂತರೂ ಅದೇ ಚಿಂತೆ, ಮಗಳ ತಲೆ ಬಾಚುವಾಗಲೂ ಅದೇ.

ಕಾಲೇಜು ಲೈಬ್ರರಿಯ ಬಾಗಿಲಲ್ಲೇ ಅವಳ ಮೇಜು. ಬೆನ್ನ ಹಿಂದೆ ನಲವತ್ತು ಗೂಡುಗಳ ಮರದ ಕಪಾಟು. ಓದಲು ಬಂದವರು ಫೋನು ಒಪ್ಪಿಸಿ, ಟೋಕನ್ ತೆಗೆದುಕೊಂಡು ಒಳಗೆ ಹೋಗಬೇಕು. ಕರುಳು ಕಿತ್ತುಕೊಟ್ಟವರಂತೆ ಮುಖ ಮಾಡುವವರು, ನೀರು ಕುಡಿಯುವ ನೆಪದಲ್ಲಿ ಬಂದು ತಮ್ಮ ಗೂಡಿನತ್ತ ಇಣುಕುವವರು, ಎಲ್ಲರನ್ನೂ ಅವಳು ಬಲ್ಲಳು. ತಾನೇನು ಕಮ್ಮಿಯೇ? ಮೂರು ವರ್ಷದ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಬಂದು, ಅಲ್ಲಿಂದ ಫೋಟೊ ಬಂತೋ ಇಲ್ಲವೋ ಎಂದು ತನ್ನ ಫೋನಿಟ್ಟ ಡ್ರಾಯರು ಎಳೆದೆಳೆದು ಅದರ ಹಿಡಿಯನ್ನೇ ಸಡಿಲ ಮಾಡಿದ್ದಳು.

"ಅಕ್ಕಾ, ನಿಮ್ಮ ಫೋನಿಗೆ ಗೂಡಿಲ್ವಾ?" ಎಂದು ಮೊದಲು ಕೆಣಕಿದವಳೇ ಈ ಹದಿನೇಳರ ಹುಡುಗಿ. ಹಾಸ್ಟೆಲಿನವಳು. ಒಂದು ಗಂಟೆ ಓದಲು ಕೂತರೆ ಆರು ಸಲ ಎದ್ದು ಬರುವವಳು. ಹೋದ ವಾರ ಪರೀಕ್ಷೆಯಲ್ಲಿ ಫೇಲಾಗಿ ಬಂದು, ಅತ್ತು ಕಣ್ಣು ಕೆಂಪು ಮಾಡಿಕೊಂಡು ಮೇಜಿನ ಮುಂದೆ ನಿಂತಿದ್ದಳು. "ನಂಗೆ ನನ್ನ ಮೇಲೇ ಹಿಡಿತ ಇಲ್ಲ ಅಕ್ಕಾ" ಎಂದಿದ್ದಳು. ಟೋಕನ್ ಅಕ್ಕ ಆಗ ಮಗಳ ಫೋಟೊ ನೋಡುತ್ತಿದ್ದಳು. ತಲೆಯೆತ್ತದೆ "ಹೂಂ" ಅಂದಿದ್ದಳು.

ಆ "ಹೂಂ" ಈಗ ಮುಳ್ಳಿನಂತೆ ಚುಚ್ಚುತ್ತಿತ್ತು. ಹಾಸ್ಟೆಲಿಗೆ ಕೇಳೋಣವೆಂದು ಮೇಜಿನ ಮೇಲಿನ ಲೈಬ್ರರಿ ಫೋನಿನ ರಿಸೀವರನ್ನು ಎರಡು ಸಲ ಎತ್ತಿ ಎರಡು ಸಲವೂ ಇಟ್ಟಳು. ಎಂಥ ಸುದ್ದಿ ಕೇಳಬೇಕಾಗುತ್ತದೋ ಎಂಬ ಭಯ.

"ಮೂರು ದಿನ ನೋಡಿ ಆಫೀಸಿಗೆ ಒಪ್ಪಿಸೋದು ರೂಲು" ಎಂದರು ಲೈಬ್ರೇರಿಯನ್, ಕನ್ನಡಕ ಒರೆಸುತ್ತಾ. "ಊರ ಉಸಾಬರಿಯೆಲ್ಲ ನಿಮಗ್ಯಾಕಮ್ಮಾ?"

"ಹತ್ತು ನಿಮಿಷ ಬಿಟ್ಟಿರದವಳು ಎರಡು ದಿನ ಬಿಟ್ಟಿದ್ದಾಳೆ ಸರ್. ಹಾಸ್ಟೆಲಿಗೆ ಫೋನ್ ಮಾಡಿ ಕೇಳ್ತೀನಿ."

"ಲೈಬ್ರರಿ ಫೋನು ಇರೋದು ಪುಸ್ತಕದ ಕೆಲಸಕ್ಕೆ."

"ಪುಸ್ತಕದ ಕೆಲಸ ಅಂತಲೇ ಬರ್ಕೊಳ್ಳಿ. ಮೆಮೊ ಕೊಡೋದಿದ್ರೆ ಕೊಡಿ, ನಾನು ಮಾತಾಡಿ ಮುಗಿಸಿದ ಮೇಲೆ."

ಅವಳ ದನಿ ಅವಳಿಗೇ ಹೊಸದೆನಿಸಿತು. ನಂಬರು ಒತ್ತಿದಳು. ವಾರ್ಡನ್ ಎತ್ತಿದರು, "ಇರಿ, ಕರೀತೀನಿ" ಅಂದರು. ಅವಳಿಗೆ ಅರ್ಧ ಜೀವ ಬಂತು. ಅಷ್ಟರಲ್ಲಿ ಡ್ರಾಯರಿನೊಳಗೆ ಅವಳದೇ ಫೋನು ಗುಂಯ್ ಎಂದಿತು. ಅವಳು ಡ್ರಾಯರು ಎಳೆಯಲಿಲ್ಲ.

"ಅಕ್ಕಾ, ನೀವಾ?" ಅದೇ ದನಿ. "ಬೇಕಂತಲೇ ಬಿಟ್ಟು ಬಂದೆ. ಅಮ್ಮನಿಗೂ ಹೇಳಿದ್ದೀನಿ. ಕೈ ಸುಮ್ನಿರಲ್ಲ, ಖಾಲಿ ಜೇಬು ಮುಟ್ಟಿ ಮುಟ್ಟಿ ನೋಡ್ಕೋತೀನಿ. ಆದ್ರೆ ನಿದ್ದೆ ಬರ್ತಿದೆ ಅಕ್ಕಾ. ಮತ್ತೆ ಪರೀಕ್ಷೆ ಬರೆದು ಮುಗಿಸೋವರೆಗೂ ಕೊಡ್ಬೇಡಿ. ನಾನೇ ಬಂದು ಅತ್ರೂ ಕೊಡ್ಬೇಡಿ."

ಟೋಕನ್ ಅಕ್ಕ ಲೈಬ್ರೇರಿಯನ್‌ರನ್ನೇ ನೆಟ್ಟಗೆ ನೋಡುತ್ತಾ ಹೇಳಿದಳು: "ಆಫೀಸಿಗೂ ಕೊಡಲ್ಲ. ನೀನು ಬಂದು ಅತ್ರೆ ಪಕ್ಕದಲ್ಲಿ ಕೂತು ನಾನೂ ಅಳ್ತೀನಿ, ಕೊಡಲ್ಲ."