ಎರಡು ಟರ್ಬೋ, ಎರಡು ನಿಮಿಷ

ನನ್ನ ಹೆಂಡತಿಯ ಮೂತ್ರಪಿಂಡಗಳು ಎರಡೂ ಕೈಕೊಟ್ಟ ವರ್ಷ ನಾನು ಆ ಗಾಡಿ ತೆಗೆದುಕೊಂಡೆ. ಮಂಗಳವಾರ, ಗುರುವಾರ, ಶನಿವಾರ, ಹೀಗೆ ವಾರಕ್ಕೆ ಮೂರು ಸಲ ಕಮಲಾಪುರದಿಂದ ಕಲಬುರಗಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಒಂದು ಸಲವೂ ತಪ್ಪಿಸಬೇಡಿ, ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೊದಲ ತಿಂಗಳು ಬಸ್ಸಿನಲ್ಲೇ ಓಡಾಡಿದೆವು. ವಾಪಸು ಬರುವಾಗ ಅವಳಿಗೆ ವಾಂತಿ, ತಲೆಸುತ್ತು. ಒಂದು ದಿನ ಮಹಾಗಾಂವ ಕ್ರಾಸಿನಲ್ಲಿ ಕಂಡಕ್ಟರು ಬಸ್ಸು ನಿಲ್ಲಿಸಿ ಅವಳ ಮುಖಕ್ಕೆ ನೀರು ಹೊಡೆದರು. ಇನ್ನು ಬಸ್ಸು ಸಾಕು, ಇವಳು ಕಾಲು ಚಾಚಿ ಮಲಗಿ ಹೋಗುವಂಥ ಗಾಡಿ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಸಿಕ್ಕಿದ್ದು ಹಳೆಯದು, ಆದರೆ ದೊಡ್ಡದು. ಎರಡು ಲೀಟರಿನ ಡೀಸೆಲ್ ಇಂಜಿನ್, ಅದಕ್ಕೆ ಎರಡು ಟರ್ಬೋ. ಟರ್ಬೋ ಎಂದರೆ ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿಗೇ ಮತ್ತಷ್ಟು ಗಾಳಿ ತುರುಕುವ ಪುಟ್ಟ ಪಂಖಾ. ನಿಧಾನ ಹೋಗುವಾಗ ಚಿಕ್ಕದು ದುಡಿಯುತ್ತದೆ, ವೇಗ ಹಿಡಿದ ಮೇಲೆ ದೊಡ್ಡದು ಕೈಜೋಡಿಸುತ್ತದೆ. ಏರಿನಲ್ಲಿ ಗಾಡಿ ಉಸ್ಸೆನ್ನುತ್ತಿರಲಿಲ್ಲ. ಒಂದು ಕೆಟ್ಟರೂ ಇನ್ನೊಂದಿದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಎರಡಿವೆ ಎಂದು ನಂಬಿ ಕೂರಬಾರದೆನ್ನುವುದನ್ನು ಹೆಂಡತಿಯ ಕಾಯಿಲೆಯಿಂದಲಾದರೂ ನಾನು ಕಲಿಯಬೇಕಿತ್ತು.

ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಮಷೀನಿಗೆ ಅಂಟಿಕೊಂಡು ನಾಲ್ಕು ತಾಸು ಮಲಗಬೇಕಲ್ಲ, ಆಗ ಗಾಡಿಯ ಜೊತೆ ಬಂದ ಪುಸ್ತಕವನ್ನು ಒಂದು ಸಾಲು ಬಿಡದೆ ಓದಿದಳು. ಒಂದು ದಿನ ನನಗೂ ಪಾಠ ಮಾಡಿದಳು. ಟರ್ಬೋದ ಪಂಖಾ ಕೂತಿರುವ ನಡುವಿನ ಕಡ್ಡಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಕೆಂಪಗೆ ಕಾಯುತ್ತದೆ, ಅದನ್ನು ತಣ್ಣಗಿಡುವುದು ಇಂಜಿನ್ ಆಯಿಲ್ ಮಾತ್ರ. ಜೋರಾಗಿ ಓಡಿಬಂದು ಒಮ್ಮೆಲೇ ಬಂದ್ ಮಾಡಿದರೆ ಆಯಿಲ್ ಹರಿಯುವುದು ನಿಂತು, ಒಳಗುಳಿದದ್ದು ಸೀದು ಕರಕಾಗುತ್ತದೆ. ಹಾಗಾಗಿ ನಿಂತ ಮೇಲೆ ಎರಡು ನಿಮಿಷ ಇಂಜಿನ್ ಸುಮ್ಮನೆ ಓಡಲು ಬಿಡಬೇಕು.

ನಾನು ನಕ್ಕುಬಿಟ್ಟೆ. ನಮ್ಮದು ಅಪ್ಪನ ಕಾಲದಿಂದ ಟ್ರ್ಯಾಕ್ಟರ್ ಇಟ್ಟ ಮನೆ. ಗಾಲಿ ನಿಂತಿತೋ, ಕೀಲಿ ತಿರುಗಿಸಬೇಕು. ನಿಂತಲ್ಲೇ ಡೀಸೆಲ್ ಸುಡುವುದೆಂದರೆ ಅಪ್ಪನಿಗೆ ತಾಟಿನಲ್ಲಿ ಅನ್ನ ಬಿಟ್ಟು ಎದ್ದಷ್ಟೇ ಪಾಪ. ಕಮಲಾಪುರದಲ್ಲಿ ಟ್ರ್ಯಾಕ್ಟರ್ ಹಿಡಿದ ಯಾವ ಗಂಡಸನ್ನು ಬೇಕಾದರೂ ನೋಡಿ, ಸೀಟಿನಿಂದ ಇಳಿಯುವ ಮೊದಲೇ ಇಂಜಿನ್ ಸತ್ತಿರುತ್ತದೆ. ಆ ಪುಸ್ತಕ ಬರೆದವನು ಎಂದಾದರೂ ನೇಗಿಲು ಹೂಡಿದ್ದಾನೇನು ಎಂದು ಅವಳನ್ನೇ ದಬಾಯಿಸಿದೆ. ಮಿಕ್ಕಿದ್ದೆಲ್ಲ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ಗಡುವಿಗೆ ಮೊದಲೇ ಆಯಿಲ್ ಬದಲು, ಪ್ರತಿ ಭಾನುವಾರ ಏರ್ ಫಿಲ್ಟರಿನ ಧೂಳು ಊದುವುದು. ಆಸ್ಪತ್ರೆಯ ಗೇಟಿಗೆ ಬಂದಾಗ ಮಾತ್ರ ಕೀಲಿ ತಿರುಗಿಸಿ ಗಾಲಿಕುರ್ಚಿ ತರಲು ಓಡುತ್ತಿದ್ದೆ. ಮೂರು ತಿಂಗಳು ಅವಳು ಪ್ರತಿಸಲವೂ ಹಿಂದಿನಿಂದ "ಎರಡು ನಿಮಿಷ ರೀ" ಎನ್ನುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಕೊನೆಗೂ ನಾನೇ ಗೆದ್ದೆ ಎಂದುಕೊಂಡೆ.

ಅದು ಗುರುವಾರ. ಊರು ದಾಟಿ ಏರು ಹತ್ತುವಾಗ ಬಾನೆಟ್ಟಿನೊಳಗಿಂದ ಶಿಳ್ಳೆಯಂಥ ಸದ್ದು ಬಂತು, ಹಿಂದೆಯೇ ಲೋಹ ಉಜ್ಜಿದ ಸದ್ದು. ಕಾಲು ಎಷ್ಟು ಒತ್ತಿದರೂ ಗಾಡಿ ಏಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ರಸ್ತೆಯೇ ಕಾಣದಷ್ಟು ನೀಲಿ ಹೊಗೆ. ಬದಿಗೆ ನಿಲ್ಲಿಸಿ ಇಳಿದೆ.

ಬಾನೆಟ್ ಎತ್ತಿದೆ, ಮುಚ್ಚಿದೆ, ಮತ್ತೆ ಎತ್ತಿದೆ. ನನ್ನ ಕೈಯಲ್ಲಿ ಆಗುವುದು ಏನೂ ಇರಲಿಲ್ಲ. ಅವಳ ಪಾಳಿ ಬೆಳಿಗ್ಗೆ ಏಳು ಗಂಟೆಗೆ. ತಡವಾದರೆ ಮಷೀನು ಬೇರೆಯವರಿಗೆ ಹೋಗುತ್ತದೆ. ಪರಿಚಯದ ಮೂವರಿಗೆ ಫೋನು ಹಚ್ಚಿದೆ, ಒಬ್ಬರೂ ಎತ್ತಲಿಲ್ಲ. ರಸ್ತೆಯ ನಡುವೆ ನಿಂತು ಬಂದ ಬಂದ ಗಾಡಿಗೆಲ್ಲ ಕೈಮುಗಿದೆ. ಲಾರಿಗಳು ಹಾರ್ನ್ ಹೊಡೆದು ಹೋದವು. ಅವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಹೆದರಿಕೆಗೆ ಕಣ್ಣು ಮುಚ್ಚಿದ್ದಾಳೆ ಎಂದುಕೊಂಡೆ.

ಕೊನೆಗೆ ಕೆಂಪು ಬಾಳೆಗೊನೆ ತುಂಬಿದ್ದ ಪಿಕಪ್ ಒಂದು ನಿಂತಿತು. ಡ್ರೈವರು ಅವಳನ್ನು ಮುಂದೆ ಕೂರಿಸಿಕೊಂಡ, ನಾನು ಹಿಂದೆ ಗೊನೆಗಳ ನಡುವೆ ನಿಂತೆ. ಆಸ್ಪತ್ರೆ ಮುಟ್ಟುವಾಗ ಒಂಬತ್ತು ದಾಟಿತ್ತು, ಮಷೀನು ಕೈತಪ್ಪಿತ್ತು. ನಾನು ಸಿಸ್ಟರ ಕಾಲು ಹಿಡಿಯಲು ಬಗ್ಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು. ಮಧ್ಯಾಹ್ನ ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕೂತೆವು. ಅವಳ ಮುಖ ಊದಿತು, ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಮೂರರ ನಂತರ ಯಾರೋ ಬರದೆ ಹೋದದ್ದರಿಂದ ಎರಡು ತಾಸಿಗೆ ಮಷೀನು ಸಿಕ್ಕಿತು. ನಾನು ಕಾರಿಡಾರಿನಲ್ಲಿ ನಿಂತು ಎಲ್ಲರೆದುರೇ ಅತ್ತೆ.

ಗಾಡಿಯನ್ನು ಎಳೆಸಿಕೊಂಡು ಹೋಗಿ ಕಲಬುರಗಿಯ ರೋಜಾ ಬಡಾವಣೆಯ ಹತ್ತಿರದ ಗ್ಯಾರೇಜಿನಲ್ಲಿ ಬಿಟ್ಟೆ. ಮಿಸ್ತ್ರಿ ವಯಸ್ಸಾದ ಸಾಬರು, ಮಾತು ಕಡಿಮೆ. ಶನಿವಾರ ಬಾಡಿಗೆ ಜೀಪಿನಲ್ಲಿ ಬಂದು, ಡಯಾಲಿಸಿಸ್ ಮುಗಿಸಿ ಇಬ್ಬರೂ ಅಲ್ಲಿಗೆ ಹೋದೆವು. ಅವರು ಚಿಕ್ಕ ಟರ್ಬೋವನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಇಟ್ಟಿದ್ದರು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಕಡ್ಡಿ ಸಡಿಲ ಹಲ್ಲಿನಂತೆ ಆಡಿತು. ಒಳಗೆಲ್ಲ ಹಂಚಿನ ಮಸಿಯಂಥ ಕರಕು.

"ನಿಂದ್ರಿಸಿದ ಕೂಡ್ಲೇ ಬಂದ್ ಮಾಡ್ತೀರೇನ್ರಿ?" ಎಂದು ಕೇಳಿದರು.

ಇಲ್ಲ ಎಂದೆ. ಈ ವಯಸ್ಸಿನಲ್ಲಿ, ಹೆಂಡತಿಯ ಎದುರಿಗೇ ಸುಳ್ಳು ಹೇಳಿದೆ. ಸ್ಟೂಲಿನ ಮೇಲೆ ಕೂತಿದ್ದ ಅವಳು ನನ್ನ ಮುಖ ನೋಡದೆ, "ಎರಡು ನಿಮಿಷ ಬಿಡ್ತಾರ್ರೀ ಇವರು" ಎಂದಳು.

ಸಾಬರು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಅಮ್ಮಾರು ಹೇಳ್ತಾರಂದ್ರ ಖರೇನೇ ಇರ್ಬೇಕು. ಆದ್ರ ಇದು ಬ್ಯಾರೆ ಹೇಳಾಕತ್ತದ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹತ್ತು ದಿನದಲ್ಲಿ ಅವರು ಚಿಕ್ಕ ಟರ್ಬೋ ಹೊಸದು ಕೂರಿಸಿ, ಅದಕ್ಕೆ ಆಯಿಲ್ ಒಯ್ಯುವ ಪೈಪನ್ನೂ ಬದಲಿಸಿ, ಹಳೆ ಆಯಿಲ್ ತೊಳೆದು ಹೊಸದು ಹಾಕಿಕೊಟ್ಟರು. ಎರಡು ನಿಮಿಷದ ಮಾತನ್ನು ನನಗೆ ಹೇಳಲಿಲ್ಲ, ಅವಳಿಗೆ ಹೇಳಿದರು.

ಮುಂದಿನ ಮಂಗಳವಾರ ಆಸ್ಪತ್ರೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ ಕೀಲಿ ಮುಟ್ಟದೆ ಕೂತೆ. ಗಡಿಯಾರ ನೋಡಿದೆ. ಇಷ್ಟು ದಿನ ಓಡಾಡಿದರೂ ಆ ಗೇಟಿನಲ್ಲಿ ನಾವಿಬ್ಬರೂ ಸುಮ್ಮನೆ ಕೂತದ್ದು ಅದೇ ಮೊದಲು. ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಹೇಳ್ತೀನಿ," ಎಂದಳು. "ಅವತ್ತು ಗಾಡಿ ನಿಂತಾಗ ನಂಗ ಹೆದರಿಕಿ ಆಗಿದ್ದಿಲ್ಲ. ಇವತ್ತರ ಸೂಜಿ ತಪ್ಪಿತು ಅಂತ ಸಮಾಧಾನ ಆಗಿತ್ತು."

ನಾನು ತಿರುಗಿ ನೋಡಿದೆ.

"ಎರಡು ನಿಮಿಷದ್ದು ನಾ ಮರ್ತಿದ್ದಿಲ್ರಿ. ಗಾಡಿ ಕೆಡ್ತದ ಅಂತ ಗೊತ್ತಿತ್ತು. ಬೇಕಂತಲೇ ಹೇಳೋದು ಬಿಟ್ಟೆ. ನಂಗ ಸಾಕಾಗ್ಯಾದ. ಬರಂಗಿಲ್ಲ ಅಂತ ನಿಮಗ ಹೇಳಾಕ ಬಾಯಿ ಬರಲಿಲ್ಲ."

ಮೊದಲು ಬಂದದ್ದು ಸಿಟ್ಟೇ. ಆ ಏರಿನಲ್ಲಿ ಲಾರಿಗಳಿಗೆ ಕೈಮುಗಿದದ್ದು, ಸಿಸ್ಟರ ಕಾಲಿಗೆ ಬಗ್ಗಿದ್ದು ನೆನಪಾಗಿ ಮೈ ಉರಿಯಿತು. ಆಮೇಲೆ ಆ ಸಿಟ್ಟೂ ನಿಲ್ಲಲಿಲ್ಲ. ನಾಚಿಕೆ ಬಿಟ್ಟು ಕೇಳಿದೆ, "ನೀ ಇಲ್ಲಂದ್ರ ನಾ ಏನ್ ಮಾಡ್ಲಿ?"

ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ಕಾವಲಿನವನು ಬಂದು ಗಾಜು ತಟ್ಟಿ, ಗಾಡಿ ತೆಗೆಯಿರಿ, ಹಿಂದೆ ಆಂಬುಲೆನ್ಸ್ ಇದೆ ಎಂದ. ನಾನು ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಅವಳ ಕಡೆಯ ಬಾಗಿಲು ತೆಗೆದೆ. ಅವಳು ನನ್ನ ಮುಖ ನೋಡಿ ಕಾಲು ಕೆಳಗಿಟ್ಟಳು. ಅವಳು ಇಳಿದದ್ದು ನನಗಾಗಿ ಎಂದು ಗೊತ್ತಿತ್ತು. ಗೊತ್ತಿದ್ದೂ ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.